ಸಮತೂಕದ ಗಾಲಿಮನೆ

ಮನುಷ್ಯರನ್ನು ಕಂಡ ಕೂಡಲೇ ಮನಸ್ಸಿನಲ್ಲೇ ಬೆಲೆ ಕಟ್ಟುವುದು ದಿನಸಿ ಅಂಗಡಿಯವನಿಗೆ ಅಂಟಿದ ಚಾಳಿ. ತಕ್ಕಡಿಯಣ್ಣನಿಗೆ ನಾನು ಕಟ್ಟಿದ ಬೆಲೆ ಹೀಗಿದೆ: ಹೊರಗಿನ ಪ್ಯಾಕಿಂಗ್ ಸಾಧಾರಣ. ತೋಳು ಮಡಚಿದ ಮಾಸಲು ಅಂಗಿ, ಕಿವಿಯ ಸಂದಿಯಲ್ಲೊಂದು ಪೆನ್ಸಿಲು. ನಿವ್ವಳ ತೂಕ ಐವತ್ತೆರಡು ಕಿಲೋ, ಅದರಲ್ಲೂ ಮೂಳೆಯ ಪಾಲೇ ಹೆಚ್ಚು. ಕಲಬೆರಕೆ ಇಲ್ಲ. ಬಾಳಿಕೆ ಚೆನ್ನಾಗಿದೆ. ಒಂದೇ ದೋಷ, ಬಗ್ಗುವುದಿಲ್ಲ. ಇಂಥ ಮಾಲನ್ನು ಅಂಗಡಿಯಲ್ಲಿಟ್ಟುಕೊಂಡರೆ ಗೌರವ ಬಂದೀತು, ಲಾಭ ಬರುವುದಿಲ್ಲ.

ಇದನ್ನು ಸುಮ್ಮನೆ ಹೇಳುತ್ತಿಲ್ಲ. ನಮ್ಮ ಪೇಟೆಯ ತಕ್ಕಡಿಗಳನ್ನೆಲ್ಲ ರಿಪೇರಿ ಮಾಡುವವರು ಅವರೇ. ನನ್ನ ಅಂಗಡಿಯ ತಕ್ಕಡಿ ಕಿರುಗುಟ್ಟುತ್ತದೆ ಎಂದು ಒಮ್ಮೆ ಕರೆದೆ. ಬಂದರು, ಬಿಚ್ಚಿದರು, ಎಣ್ಣೆ ಬಿಟ್ಟರು. ಕಿರುಗುಟ್ಟುವುದನ್ನು ನಿಲ್ಲಿಸಿದ್ದಲ್ಲದೆ, ಯಾರೂ ಕೇಳದಿದ್ದರೂ ಅದನ್ನು ಪ್ರಾಮಾಣಿಕ ತಕ್ಕಡಿಯನ್ನಾಗಿಯೂ ಮಾಡಿಟ್ಟು ಹೋದರು! ದಂಡ ಕೂದಲೆಳೆಯಷ್ಟು ವಾಲಿದರೂ ಅವರ ಪಾಲಿಗೆ ಅದು ತಕ್ಕಡಿಯಲ್ಲ, ಹಾಡಹಗಲಿನ ಕಳ್ಳತನ.

ಇಂಥವರ ಕೈ ಹಿಡಿದ ಅತ್ತಿಗೆ ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವ ಕಿಂಡಿಯ ಹಿಂದೆ ಕೂರುತ್ತಾರೆ. ಊರಿಗೆ ಊರೇ ಎಲ್ಲೆಲ್ಲಿಗೋ ಹೋಗಿ ಬರುವುದು ಅವರ ಕೈಯಿಂದಲೇ. ಅವರು ಮಾತ್ರ ಎಲ್ಲಿಗೂ ಹೋದವರಲ್ಲ. ಒಂದು ಬಸ್ಸಿನ ಕೊನೆಯ ಸ್ಟಾಪು ಸಮುದ್ರದ ದಡ. ಆ ಟಿಕೆಟ್ ಕೇಳಿದವರ ಮುಖವನ್ನು ಅತ್ತಿಗೆ ಒಂದು ಗಳಿಗೆ ಹೆಚ್ಚು ನೋಡುತ್ತಾರೆ, ಚಿಲ್ಲರೆಯನ್ನು ನಿಧಾನವಾಗಿ ಕೊಡುತ್ತಾರೆ. ಸಮುದ್ರದ ಪಕ್ಕದಲ್ಲಿ ಒಂದು ರಾತ್ರಿ ಮಲಗಬೇಕು, ಅಲೆಯ ಸದ್ದು ಕೇಳುತ್ತಾ ನಿದ್ದೆ ಹೋಗಬೇಕು. ಮದುವೆಯಾದ ಹೊಸದರಲ್ಲಿ ಗಂಡನಿಗೆ ಹೇಳಿದ ಆಸೆ ಅದು. ಈಗ ಇಬ್ಬರ ತಲೆಯೂ ನರೆತಿದೆ.

ಅಡ್ಡಿಯಾಗಿದ್ದು ದುಡ್ಡಲ್ಲ, ಮನಸ್ಸೂ ಅಲ್ಲ. ಲಾಡ್ಜಿನ ಮಂಚ! ತಕ್ಕಡಿಯಣ್ಣನಿಗೆ ಓರೆಯಾದ ಮಂಚದ ಮೇಲೆ ನಿದ್ದೆ ಬರುವುದಿಲ್ಲ, ಪ್ರಪಂಚದ ಮಂಚಗಳೆಲ್ಲ ಓರೆಯೇ ಎಂಬುದು ಅವರ ಅಭಿಪ್ರಾಯ.

ಕೊನೆಗೆ ಈ ವರ್ಷ ಅತ್ತಿಗೆಗೆ ಒಂದು ವಾರದ ರಜೆ ಮಂಜೂರಾಯಿತು. ಮೇಲಧಿಕಾರಿ ಸಹಿ ಹಾಕುವಾಗಲೇ, "ಇದನ್ನ ಈಗಲೇ ಉಪಯೋಗಿಸ್ಕೊಳಿ ಅಮ್ಮ, ಮತ್ತೆ ಯಾವಾಗ ಅಂತ ನನ್ನ ಕೇಳ್ಬೇಡಿ" ಎಂದಿದ್ದರಂತೆ. ಆ ಸಂಜೆ ತಕ್ಕಡಿಯಣ್ಣ ನನ್ನ ಅಂಗಡಿಯ ಮೆಟ್ಟಿಲು ಹತ್ತಿ, ಸಕ್ಕರೆ ಮೂಟೆಗೆ ಕೈಯೂರಿ, ಇಡೀ ಪೇಟೆಗೆ ಕೇಳುವಂತೆ ಘೋಷಿಸಿದರು:

"ಸಾವ್ಕಾರ್ರೇ! ಈ ಸಲ ಲಾಡ್ಜೂ ಇಲ್ಲ, ಗೀಡ್ಜೂ ಇಲ್ಲ. ನನ್ನ ಮಂಚ, ನನ್ನ ಒಲೆ, ನನ್ನ ಮನೆ. ಮನೆಯನ್ನೇ ನನ್ನ ವ್ಯಾನಿಗೆ ಕಟ್ಟಿ ಸಮುದ್ರದವರೆಗೂ ಎಳ್ಕೊಂಡು ಹೋಗ್ತೀನಿ!"

"ಅಣ್ಣಾ, ಮನೆಗೆ ತಳಪಾಯ ಇರುತ್ತಲ್ಲ?"

"ಗಾಲಿ ಇರೋ ಮನೆ ಮಾರಾಟಕ್ಕಿದೆ. ಚೌಕಾಸಿಗೆ ನೀವು ಬರ್ಬೇಕು."

ಚೌಕಾಸಿಗೆ ಕರೆದರೆ ನಾನು ಊಟ ಬಿಟ್ಟಾದರೂ ಹೋಗುವವನು. ಮಾರುವಾತ ಒಬ್ಬ ಫೋಟೋಗ್ರಾಫರ್. ಊರೂರು ಸುತ್ತಿ, ಈಗ ಸ್ಟುಡಿಯೋದಲ್ಲಿ ತಳವೂರಿದವನು. ಸ್ಟುಡಿಯೋದ ಹಿತ್ತಿಲಲ್ಲಿ ಅದು ನಿಂತಿತ್ತು: ಎರಡೇ ಗಾಲಿ, ತಗಡಿನ ಮೈ, ಮುಂದೆ ವ್ಯಾನಿಗೆ ಸಿಕ್ಕಿಸುವ ಉದ್ದನೆಯ ಕಬ್ಬಿಣದ ಮೂತಿ, ಹಿಂಬದಿಯಲ್ಲೊಂದು ಕಿಟಕಿ, ಕಿಟಕಿಯ ಪಕ್ಕದಲ್ಲೇ ಒಂದು ಬಾಗಿಲು. ದೊಡ್ಡದೊಂದು ಬಿಸ್ಕತ್ತಿನ ಡಬ್ಬಿಗೆ ಗಾಲಿ ಕಟ್ಟಿದ ಹಾಗಿತ್ತು. ನಾನು ಮುಖ ಸಿಂಡರಿಸಿ, ಗಾಲಿಯನ್ನೊಮ್ಮೆ ಒದ್ದು, "ಅಯ್ಯೋ, ಇದಾ?" ಎಂದು ನಿಟ್ಟುಸಿರು ಬಿಟ್ಟೆ. ಚೌಕಾಸಿಯ ಮೊದಲ ಪಾಠವೇ ಆ ನಿಟ್ಟುಸಿರು. ಅಷ್ಟರಲ್ಲಿ ತಕ್ಕಡಿಯಣ್ಣ ನೆಲಕ್ಕೆ ಒರಗಿ, ಅಡಿಯಲ್ಲಿ ತೂರಿ, ಗಾಲಿಗಳ ನಡುವಿನ ಅಚ್ಚನ್ನು ಮುಟ್ಟಿ, "ಆಹಾ! ಎಂಥಾ ಅಚ್ಚು! ಬಂಗಾರದಂಥ ಅಚ್ಚು!" ಎಂದು ಕೂಗಿದರು.

ಕೊಳ್ಳುವವನೇ ಸರಕನ್ನು ಹೊಗಳಿದ ಮೇಲೆ ಚೌಕಾಸಿಗೆ ಬಂದವನಿಗೇನು ಕೆಲಸ? ನಾನು ಹಿತ್ತಿಲ ನಲ್ಲಿಯಲ್ಲಿ ಕೈ ತೊಳೆದುಕೊಂಡೆ.

ಹಣ ಎಣಿಸಿಕೊಂಡ ಫೋಟೋಗ್ರಾಫರ್ ಬಾಗಿಲವರೆಗೂ ಬಂದು, "ಒಂದು ಮಾತು ಯಜಮಾನ್ರೇ. ಸಾಮಾನು ತುಂಬುವಾಗ ಮುಂದಕ್ಕೆ ಜಾಸ್ತಿ ತುಂಬಿ. ಮೂತಿ ಮೇಲೆ ಯಾವಾಗ್ಲೂ ಸ್ವಲ್ಪ ಭಾರ ಇರ್ಬೇಕು" ಎಂದ.

ತಕ್ಕಡಿಯಣ್ಣ ಅಲ್ಲಿ ನಕ್ಕು ಕೈ ಮುಗಿದರು. ದಾರಿಯಲ್ಲಿ ನನ್ನ ಹತ್ತಿರ ಸಿಡಿದರು. "ಕೇಳಿದ್ರಾ? ಮೂತಿ ಮೇಲೆ ಭಾರ ಅಂತೆ! ಒಂದು ಕಡೆ ಭಾರ ಇದ್ರೆ ಅದನ್ನ ಏನಂತಾರೆ ಸಾವ್ಕಾರ್ರೇ?"

"ಏನಂತಾರೆ?"

"ಕಳ್ಳ ತಕ್ಕಡಿ ಅಂತಾರೆ! ನನ್ನ ಕೈಗೆ ಬಂದಿದ್ದು ಯಾವತ್ತೂ ಹಾಗೆ ಹೊರಗೆ ಹೋಗಿಲ್ಲ, ಹೋಗೋದೂ ಇಲ್ಲ!"

ಅಲ್ಲಿಂದ ಶುರುವಾಯಿತು ಗಾಲಿಮನೆಯ ಮಹಾಯಜ್ಞ. ಮನೆಯ ಅಂಗಳದಲ್ಲಿ ಗಾಲಿಗಳ ಹಿಂದೆ ಮುಂದೆ ಇಟ್ಟಿಗೆ ಕೊಟ್ಟು ಅದನ್ನು ನಿಲ್ಲಿಸಿದರು. ನಿಂತಾಗ ಮೂತಿಗೆ ಆಸರೆಯಾಗಲೆಂದು ಒಂದು ಕಬ್ಬಿಣದ ಕಾಲಿತ್ತು. ಅದನ್ನು ಮೊದಲ ದಿನವೇ ಬಿಚ್ಚಿ ಮೂಲೆಗೆಸೆದರು. "ತಕ್ಕಡಿಗೆ ಊರುಗೋಲಾ? ನಾಚಿಕೆಗೇಡು!" ಆಮೇಲೆ ಒಳಗೆ ಹೋಗುವ ಒಂದೊಂದು ವಸ್ತುವಿಗೂ ತೂಕದ ತಪಾಸಣೆ. ಮಡಚುವ ಮಂಚ ಅಚ್ಚಿನ ಮುಂದಕ್ಕೆ, ಅದನ್ನು ಸರಿತೂಗಿಸಲು ಒಲೆ, ಸಿಲಿಂಡರ್, ನೀರಿನ ಕ್ಯಾನು ಅಚ್ಚಿನ ಹಿಂದಕ್ಕೆ. ಪಾತ್ರೆ ಹಿಂದಕ್ಕೆ, ಹಾಸಿಗೆ ಮುಂದಕ್ಕೆ. ಪರದೆಯ ಬಳೆಗಳನ್ನು ಕೂಡ ಎರಡು ಪಾಲು ಮಾಡಿದರು. ಅತ್ತಿಗೆ ಕೆಲಸದಿಂದ ಬಂದು ಚಪ್ಪಲಿ ಬಿಡುವ ಮೊದಲೇ ವಿಚಾರಣೆ:

"ಏನೇ, ಬಾಚಣಿಗೆ ಎಲ್ಲಿಟ್ಟೆ?"

"ಕಿಟಕಿ ಹತ್ರ ಇಟ್ಟೆ."

"ಹಿಂದಕ್ಕಾ! ಹಾಗಾದ್ರೆ ಸೋಪು ಮುಂದಕ್ಕೆ ಬರ್ಬೇಕು."

"ರೀ, ಸೋಪು ಸವೆಯುತ್ತೆ. ಬಾಚಣಿಗೆ ಸವೆಯಲ್ಲ. ಆವಾಗ?"

ತಕ್ಕಡಿಯಣ್ಣ ಪೆನ್ಸಿಲು ಕೈಗೆ ತೆಗೆದುಕೊಂಡು ಗಂಭೀರವಾಗಿ ಯೋಚಿಸಿದರು. "ದಿನಾ ಬಾಚಣಿಗೇನ ಒಂಚೂರು ಮುಂದಕ್ಕೆ ಸರಿಸ್ತಾ ಹೋಗೋಣ."

"ಮತ್ತೆ ರಾತ್ರಿ ನಾನು ಮಗ್ಗುಲು ಬದಲಾಯಿಸಿದ್ರೆ?"

"ನನ್ನ ಎಬ್ಬಿಸು. ನಾನೂ ಬದಲಾಯಿಸ್ತೀನಿ. ಆ ಕಡೆಗೆ."

"ದೇವರೇ! ಸಮುದ್ರ ನೋಡೋಕೆ ಹೋಗ್ತಿದೀವೋ, ಸರ್ಕಸ್ಸಿಗೆ ಸೇರೋಕೆ ಹೋಗ್ತಿದೀವೋ?"

ಹೀಗೆ ಹೇಳಿದರೂ ಅತ್ತಿಗೆಯ ಉತ್ಸಾಹ ಒಂದಿಷ್ಟೂ ಕುಂದಲಿಲ್ಲ. ಪರದೆಗೆ ನೀಲಿ ಬಟ್ಟೆ ತಂದರು. ಕಪ್ಪುಗಳಿಗೆ ಕೊಕ್ಕೆ ಹೊಡೆಸಿದರು. ಕಿಂಡಿಯ ಹಿಂದೆ ಕೂತು ಟಿಕೆಟ್ ಹರಿಯುವಾಗ ಸಣ್ಣಗೆ ಗುನುಗುತ್ತಿದ್ದರೆಂದು ಬಸ್ಸಿನವರು ಹೇಳುತ್ತಿದ್ದರು.

ಹೊರಡುವ ದಿನದ ಬೆಳಗು ಬಂತು. ಬೀದಿಯವರೆಲ್ಲ ಗೇಟಿನ ಹತ್ತಿರ ನೆರೆದರು. ಗಾಲಿಮನೆಯನ್ನು ಇನ್ನೂ ವ್ಯಾನಿಗೆ ಸಿಕ್ಕಿಸಿರಲಿಲ್ಲ. ಸಿಕ್ಕಿಸುವ ಮುನ್ನ ಒಂದು ಪ್ರದರ್ಶನ ಆಗಲೇಬೇಕಲ್ಲ! ತಕ್ಕಡಿಯಣ್ಣ ಮೂತಿಯ ಕೆಳಗೆ ಕಿರುಬೆರಳು ಕೊಟ್ಟರು. ಒಳಗೆ ಅತ್ತಿಗೆ ಗಾಲಿಗಳ ನೇರಕ್ಕೆ, ಸರಿಯಾಗಿ ನಟ್ಟನಡುವೆ ನಿಂತು, ಅಪ್ಪಣೆಯ ಪ್ರಕಾರ ಅಲುಗಾಡದೆ ಚಹಾ ಸೋಸುತ್ತಿದ್ದರು. ಇಡೀ ಮನೆ, ಮಂಚ ಒಲೆ ಪಾತ್ರೆ ಹೆಂಡತಿ ಸಮೇತ, ಆ ಕಿರುಬೆರಳಿನ ಮೇಲೆ ಹಗುರಾಗಿ ತೇಲಿತು. ಬೆರಳು ತೆಗೆದರೂ ಮೂತಿ ಕೆಳಗೆ ಬೀಳಲಿಲ್ಲ, ಮೇಲೂ ಏಳಲಿಲ್ಲ. ಗಾಳಿಯಲ್ಲಿ ನಿಂತೇ ಇತ್ತು!

"ನೋಡ್ರಪ್ಪಾ! ಮೂತಿ ಮೇಲೆ ಒಂದು ಚಮಚ ಇಟ್ರೆ ಮುಂದಕ್ಕೆ ಬಾಗುತ್ತೆ, ಹಿಂದೆ ಒಂದು ಚಮಚ ಇಟ್ರೆ ಹಿಂದಕ್ಕೆ ಬಾಗುತ್ತೆ. ಪ್ರಪಂಚದಲ್ಲಿ ಇಂಥ ಗಾಡಿ ಇನ್ನೊಂದಿಲ್ಲ!"

ಎರಡನೆಯದಿಲ್ಲ ಎಂಬುದಂತೂ ನಿಜ. ಯಾಕಿಲ್ಲ ಎಂಬುದು ಇನ್ನೇನು ಗೊತ್ತಾಗುವುದರಲ್ಲಿತ್ತು.

ಆ ಹೊತ್ತಿಗೆ ಸರಿಯಾಗಿ ನಾನು ಬಂದೆ. ಅತ್ತಿಗೆ ಹೇಳಿದ್ದ ಬೇಳೆ, ಸಕ್ಕರೆ, ಚಹಾಪುಡಿಯ ಚೀಲ ಕಂಕುಳಲ್ಲಿ. ಜನರೆಲ್ಲ ಮುಂದೆ ಮೂತಿಯ ಕಡೆ ನೋಡುತ್ತಿದ್ದರು. ನಾನು ಹಿಂದಿನಿಂದ ಬಂದು, ಬಾಗಿಲು ತೆರೆದು, "ಅತ್ತಿಗೇ, ಸಾಮಾನು!" ಎನ್ನುತ್ತಾ ಒಳಗೆ ಕಾಲಿಟ್ಟೆ.

ಆಮೇಲಿನದನ್ನು ಹೇಗೆ ಹೇಳಲಿ? ಆಕಾಶ ತಲೆಕೆಳಗಾಯಿತು! ನನ್ನ ಪಾದದಡಿಯ ನೆಲ ಪಾತಾಳಕ್ಕೆ ಇಳಿಯಿತು, ಎದುರಿನ ಮಂಚ ಬೆಟ್ಟದ ತುದಿಯಾಯಿತು. ಧಡಾರ್! ಬಾಗಿಲು ತಾನಾಗಿ ಮುಚ್ಚಿಕೊಂಡಿತು. ಕೊಕ್ಕೆಯಿಂದ ಕಪ್ಪುಗಳು ಸಾಲಾಗಿ ಹಾರಿ ಬಂದವು. ಹಾಸಿಗೆ ಉರುಳಿತು, ದಿಂಬು ಉರುಳಿತು, ಚಹಾದ ಪಾತ್ರೆಯನ್ನು ಎತ್ತಿ ಹಿಡಿದುಕೊಂಡೇ ಅತ್ತಿಗೆ ಜಾರಿ ಬಂದರು. ಕೊನೆಗೆ ನನ್ನ ಮೊಣಕೈ ಹಿಂದಿನ ಕಿಟಕಿಯ ಗಾಜನ್ನು ದಾಟಿ ಹೊರಗಿನ ಲೋಕ ನೋಡಿ ಬಂತು. ಆದರೆ ಅತ್ತಿಗೆಯ ಪಾತ್ರೆಯಿಂದ ಒಂದು ತೊಟ್ಟು ಚಹಾ ಚೆಲ್ಲಿರಲಿಲ್ಲ. ಟಿಕೆಟ್ ಕಿಂಡಿಯ ನೂಕುನುಗ್ಗಲಲ್ಲಿ ಪಳಗಿದ ಕೈ!

"ಸಾವ್ಕಾರ್ರೇ," ಎಂದರು ಅತ್ತಿಗೆ ದಿಂಬುಗಳ ನಡುವಿನಿಂದ, "ಬಾಗಿಲು ತಟ್ಟಿ ಬರೋ ಅಭ್ಯಾಸ ಇಲ್ವಾ?"

ಹೊರಗೆ ತಕ್ಕಡಿಯಣ್ಣನ ಪಾಡು ಇನ್ನೂ ಸ್ವಾರಸ್ಯ. ಕಣ್ಣೆದುರಿಗೇ ಮೂತಿ ಮುಗಿಲಿಗೆ ನೆಗೆಯುವುದನ್ನು ಕಂಡು ಹಾರಿ ಹಿಡಿದುಕೊಂಡರು. ಹಿಡಿದದ್ದಷ್ಟೇ ಬಂತು. ಮೂತಿ ಇಳಿಯಲಿಲ್ಲ, ಅವರೇ ಏರಿದರು. ಹಗ್ಗಕ್ಕೆ ಒಣಹಾಕಿದ ಅಂಗಿಯ ಹಾಗೆ ಮೂತಿಗೆ ಜೋತುಬಿದ್ದು, ಕಾಲು ಬಡಿಯುತ್ತಾ, ಅಲ್ಲಿಂದಲೇ ವಿಚಾರಣೆ ಶುರುಮಾಡಿದರು.

"ಒಳಗ್ಯಾರು?"

"ನಾನು ಅಣ್ಣಾ, ಅಂಗಡಿಯವನು!"

"ನಿಮ್ಮ ತೂಕ ಎಷ್ಟು?"

ಒಡೆದ ಕಿಟಕಿಯಿಂದ ನೋಡಿದೆ. ಪಕ್ಕದ ಅಂಗಡಿಯವನು ಕಿವಿಗೆ ಕೈ ಕೊಟ್ಟು ನಿಂತಿದ್ದ. "ಎಪ್ಪತ್ತೆಂಟು!" ಎಂದೆ.

"ಅದು ಅಂಗಡಿ ತೂಕ! ನನ್ನ ತಕ್ಕಡಿ ತೂಕ ಹೇಳಿ!"

"...ನೂರಾ ನಾಲ್ಕು."

ಬೀದಿಗೆ ಬೀದಿಯೇ ಹೋ ಎಂದಿತು. ಪಕ್ಕದ ಅಂಗಡಿಯವನು ಅದನ್ನು ಆಚೆ ಬೀದಿಗೂ ಕೂಗಿ ಹೇಳಿದ.

ಬಾಗಿಲು ನೂಕಿ ನೋಡಿದೆ. ಹಿಂಬದಿ ನೆಲಕ್ಕೆ ಊರಿದ್ದರಿಂದ ಬಾಗಿಲಿನ ಅಂಚು ಮಣ್ಣಿಗೆ ಕಚ್ಚಿಕೊಂಡಿತ್ತು. ತೆರೆಯಲಾರದು. ತಕ್ಕಡಿಯಣ್ಣ ನೇತಾಡುತ್ತಲೇ ಲೆಕ್ಕ ಹಾಕಿದರು.

"ಸಾವ್ಕಾರ್ರೇ, ನೀವು ಮುಂದಕ್ಕೆ ಹತ್ತಿ. ನಿಧಾನ! ಒಂದೊಂದೇ ಗೇಣು!"

ನುಣುಪಾದ ನೆಲ, ಎದುರಿಗೆ ಏರು. ನಾನು ನಾಲ್ಕೂ ಕಾಲೂರಿ ಹೊರಟೆ. ಹಿಂದಿನಿಂದ ಅತ್ತಿಗೆ, "ಹತ್ತಿ, ಹತ್ತಿ, ಮುಂದಿನ ಸ್ಟಾಪಲ್ಲಿ ಇಳೀಬಹುದು!" ಎಂದು ಹುರಿದುಂಬಿಸುತ್ತಿದ್ದರು. ಮಂಚದ ಕಾಲು ಕೈಗೆ ಸಿಕ್ಕಿತು. ಬಲ ಹಾಕಿ ಮೈ ಎಳೆದುಕೊಂಡೆ. ಅದು ಅಚ್ಚನ್ನು ದಾಟಿತು ನೋಡಿ, ಬೆಟ್ಟವೇ ಮಗುಚಿತು! ಮೂತಿ ತಕ್ಕಡಿಯಣ್ಣನ ಸಮೇತ ಇಳಿದು ನೆಲಕ್ಕೆ ಕುಟ್ಟಿತು. ಅವರು ಅದರ ಮುಂದೆ ಮಂಡಿಯೂರಿ ನಮಸ್ಕರಿಸಿದ ಭಂಗಿಯಲ್ಲಿ ಬಿದ್ದರು.

"ಅಲ್ಲೇ ಇರಿ! ಹಿಂದೆ ಸರೀಬೇಡಿ! ಸೀನಬೇಡಿ!" ಎಂದು ಕೂಗಿ, ಎದ್ದು, ಹಿಂಬದಿಯ ಕೆಳಗೆ ಒಂದರ ಮೇಲೊಂದು ಕಲ್ಲು ಪೇರಿಸಿದರು. ಬಾಗಿಲು ತೆರೆಯಿತು. ಅತ್ತಿಗೆ ಚಹಾದ ಪಾತ್ರೆಯೊಂದಿಗೆ ಇಳಿದರು. ನಾನು ತೆವಳಿಕೊಂಡು ಬಂದು ಇಳಿದೆ. ಬೀದಿಯವರು ಚಪ್ಪಾಳೆ ತಟ್ಟಿದರು. ಯಾರಿಗೆಂದು ನಾನು ಕೇಳಲಿಲ್ಲ.

ನಗು ಇಳಿದ ಮೇಲೆ ಉಳಿದದ್ದು ತಕ್ಕಡಿಯಣ್ಣನ ಮುಖ. ಆ ಮುಖ ನೋಡಿ ಜನ ಒಬ್ಬೊಬ್ಬರೇ ಜಾಗ ಖಾಲಿ ಮಾಡಿದರು. ಅವರು ಗಾಲಿಯ ಪಕ್ಕ ಕೂತು ಅಚ್ಚನ್ನು ಸವರುತ್ತಿದ್ದರು. ಒಬ್ಬ ಅಂಗಡಿಯವನು ಕಾಲಿಟ್ಟಿದ್ದಕ್ಕೇ ಹೀಗೆ ಕುಣಿದ ಮನೆ, ವ್ಯಾನಿನ ಹಿಂದೆ ಇಳಿಜಾರಿನಲ್ಲಿ, ತಿರುವಿನಲ್ಲಿ ಏನು ಮಾಡುತ್ತಿತ್ತು? ಒಮ್ಮೆ ಬಾಲ ಅಲ್ಲಾಡಿಸಲು ಶುರುಮಾಡಿದರೆ ವ್ಯಾನನ್ನೂ ಎಳೆದಾಡುತ್ತಿತ್ತು. ವ್ಯಾನಿನಲ್ಲಿ ಇರುತ್ತಿದ್ದವಳು ಯಾರು?

"ಬೇಡ ಕಣೇ," ಎಂದರು ತಲೆಯೆತ್ತದೆ. "ಮಾರಿಬಿಡೋಣ. ನಿನ್ನ ರಜೆ ವಾಪಸ್ ಕೊಟ್ಬಿಡು. ನಾನು ತಪ್ಪಿಲ್ಲದ ಹಾಗೆ ಮಾಡ್ದೆ. ಅದೇ ತಪ್ಪಾಯ್ತಲ್ಲ."

ಅತ್ತಿಗೆ ಉಳಿದ ಒಂದೇ ಒಂದು ಕಪ್ಪಿಗೆ ಚಹಾ ಬಗ್ಗಿಸಿ ಗಂಡನ ಕೈಗಿಟ್ಟರು. "ಫೋಟೋಗ್ರಾಫರ್ ಏನಂದಿದ್ರಂತೆ?"

"ಮೂತಿ ಮೇಲೆ ಭಾರ ಇರ್ಲಿ ಅಂದ."

"ಮತ್ತೆ?"

"ಅದು ಕಳ್ಳ ತಕ್ಕಡಿ ಕಣೇ!"

"ರೀ, ಇದು ತಕ್ಕಡಿ ಅಲ್ಲ. ಮನೆ. ನಮ್ಮನೇಲಿ ಯಾವತ್ತು ಎರಡು ಕಡೆ ಸಮ ತೂಗಿದೆ ಹೇಳಿ ನೋಡೋಣ? ಒಂದು ದಿನ ನೀವು ಕೂಗಾಡ್ತೀರ, ನಾನು ಸುಮ್ನಿರ್ತೀನಿ. ಇನ್ನೊಂದು ದಿನ ನಾನು ಕೂಗಾಡ್ತೀನಿ, ನೀವು ವರ್ಕ್‌ಶಾಪಿಗೆ ಓಡ್ತೀರ. ಆದ್ರೂ ಗಾಡಿ ಓಡ್ತಿಲ್ವಾ?" ದನಿ ತಗ್ಗಿಸಿ ಹೇಳಿದರು: "ಆ ಕೊನೇ ಸ್ಟಾಪಿನ ಟಿಕೆಟ್ ಊರಿಗೆಲ್ಲ ಹರಿದು ಕೊಟ್ಟಿದೀನಿ. ಈ ಸಲ ನಾನು ಹೋಗ್ಬೇಕು. ವಾಲ್ಕೊಂಡೇ ಹೋದ್ರೂ ಸರಿ."

ತಕ್ಕಡಿಯಣ್ಣ ಚಹಾ ಮುಗಿಸಿದರು. ಕಪ್ಪು ಕೆಳಗಿಟ್ಟರು. ಹೆಂಡತಿಯ ಮುಖ ನೋಡಿದರು, ಅಚ್ಚನ್ನು ನೋಡಿದರು, ಕೊನೆಗೆ ಯಾಕೋ ನನ್ನ ಹೊಟ್ಟೆಯನ್ನು ನೋಡಿದರು.

"ಸಾವ್ಕಾರ್ರೇ, ನಿಮ್ಮ ಮೂಟೆ ತೂಗೋ ತಕ್ಕಡಿ ತಗೊಂಡ್ಬನ್ನಿ."

ಮೂಲೆಯಲ್ಲಿ ಬಿದ್ದಿದ್ದ ಕಬ್ಬಿಣದ ಕಾಲು ಮತ್ತೆ ಮೂತಿಗೆ ಬಂತು. ಒಲೆ, ಸಿಲಿಂಡರ್, ನೀರಿನ ಕ್ಯಾನು ಎಲ್ಲ ಹಿಂದಿನಿಂದ ಮುಂದಕ್ಕೆ ನಡೆದವು. ದಿನಗಟ್ಟಲೆ ಕೂಡಿಸಿದ್ದನ್ನು ಅವರೇ ಕಳಚಿದರು, ಅವರೇ ಜೋಡಿಸಿದರು. ಒಂದೊಂದನ್ನು ಮುಂದಕ್ಕೆ ಸರಿಸುವಾಗಲೂ ಹಲ್ಲು ಕೀಳಿಸಿಕೊಳ್ಳುವವರ ಮುಖ. ಆಮೇಲೆ ಮೂತಿಯನ್ನು ನನ್ನ ತಕ್ಕಡಿಯ ಮೇಲೆ ಇಳಿಸಿ ತೂಗಿದರು. ಸ್ಟುಡಿಯೋಗೆ ಫೋನು ಮಾಡಿ ಎಷ್ಟಿರಬೇಕೆಂದು ಕೇಳಿದರು. ಹಾಗೆ ಇನ್ನೊಬ್ಬರನ್ನು ತೂಕದ ವಿಷಯದಲ್ಲಿ ಕೇಳಿದ್ದು ಅವರ ಜೀವಮಾನದಲ್ಲೇ ಮೊದಲು.

"ಇನ್ನೂ ಸ್ವಲ್ಪ ಬೇಕಂತೆ. ನಿಮ್ಮ ಅಂಗಡೀಲಿ ಭಾರವಾಗಿದ್ದು, ಒಡೀದೇ ಇರೋದು ಏನಿದೆ?"

ಮಾರಾಟವಾಗದೆ ಕೂತಿದ್ದ ಕಲ್ಲುಪ್ಪಿನ ಚೀಲಗಳು ನೆನಪಾದವು. ತಂದು ಒಳಗೆ ಮುಂದಿನ ಗೋಡೆಗೆ ಒತ್ತಿ ಪೇರಿಸಿದೆವು. ಮುಳ್ಳು ಬೇಕಾದ ಕಡೆ ಬಂದು ನಿಂತಿತು.

"ಉಪ್ಪು ಹೊತ್ಕೊಂಡು ಸಮುದ್ರಕ್ಕೆ ಹೋಗ್ತಿರೋ ಮೊದಲ ಮಂದಿ ನಾವೇ ಇರ್ಬೇಕು," ಎಂದರು ಅತ್ತಿಗೆ, ಒಡೆದ ಕಿಟಕಿಗೆ ನೀಲಿ ಪರದೆಯನ್ನು ಮೊಳೆ ಹೊಡೆದು ಬಿಗಿಯುತ್ತಾ.

"ಯಾರಾದ್ರೂ ಕೇಳಿದ್ರೆ ಕಡಿಮೆಯಾಗಿತ್ತು, ಹಾಕೋಕೆ ಬಂದ್ವಿ ಅನ್ನಿ," ಎಂದೆ.

ಹೊರಡುವ ಮುಂಚೆ ತಕ್ಕಡಿಯಣ್ಣ ಒಂದು ಸುತ್ತು ಬಂದರು. ಮುಂದಕ್ಕೆ ಭಾರವಾಗಿ ವ್ಯಾನಿಗೆ ಒರಗಿ ನಿಂತ ಗಾಲಿಮನೆಯನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡರು. ಹಾಗೇ ಕಣ್ಣು ಮುಚ್ಚಿಕೊಂಡೇ ವ್ಯಾನಿನ ಬಾಗಿಲು ತಡಕಿದರು. ಅತ್ತಿಗೆ ಒಳಗಿನಿಂದ ಕೂಗಿದರು: "ರೀ, ಓಡಿಸುವಾಗಲಾದ್ರೂ ತೆರೀರಿ!"

ಬೀದಿಯ ತಿರುವಿನಲ್ಲಿ ಕಣ್ಣಿಟ್ಟು ನಿಂತಿದ್ದೆ. ಗಾಲಿಮನೆ ಬಾಲ ಅಲ್ಲಾಡಿಸಲಿಲ್ಲ. ಸಾಧು ಹಸುವಿನ ಹಾಗೆ ವ್ಯಾನಿನ ಹಿಂದೆ ತಿರುಗಿ ಮರೆಯಾಯಿತು.

ಮಾರನೆಯ ಬೆಳಗ್ಗೆ ಅಂಗಡಿ ಬಾಗಿಲು ತೆಗೆಯುವಷ್ಟರಲ್ಲಿ ಫೋನು ಬಂತು. ಅತ್ತಿಗೆ. ಹಿನ್ನೆಲೆಯಲ್ಲಿ ಒಂದೇ ಸಮನೆ ಭೋರೆನ್ನುವ ಸದ್ದು.

"ತಲುಪಿದ್ವಿ ಸಾವ್ಕಾರ್ರೇ! ನಿಮ್ಮಣ್ಣ ಬೆಳಗ್ಗೆಯಿಂದ ನೀರಿನ ಅಂಚಲ್ಲೇ ನಿಂತಿದಾರೆ. ಇಷ್ಟು ದೊಡ್ಡ ತಟ್ಟೆ, ಒಂದು ಗಳಿಗೇನೂ ಸಮ ನಿಲ್ಲಲ್ವಲ್ಲ ಅಂತ ನೋಡ್ತಾನೇ ಇದಾರೆ. ಯಾಕೋ ಬೇಜಾರಾದ ಹಾಗೇನಿಲ್ಲ. ನಗ್ತಾ ಇದಾರೆ."

"ನೀವು ನಿದ್ದೆ ಮಾಡಿದ್ರಾ ಅತ್ತಿಗೇ? ಗಾಜಿಲ್ಲದ ಕಿಟಕಿ, ಗಾಳಿ ಹೊಡೀತೇನೋ."

"ಅದನ್ನೇ ಹೇಳೋಕೆ ಫೋನ್ ಮಾಡಿದ್ದು. ರಾತ್ರಿಯೆಲ್ಲ ಅಲೆ ಸದ್ದು ನೇರ ಕಿವಿಗೇ ಬಂತು. ಗಾಜಿದ್ದಿದ್ರೆ ಇಷ್ಟು ಕೇಳ್ತಿರ್ಲಿಲ್ಲ. ಪುಣ್ಯ ಬರಲಿ ನಿಮ್ಮ ಮೊಣಕೈಗೆ!"

ಆಕೆ ಫೋನಿಟ್ಟ ಮೇಲೂ ಆ ಭೋರೆನ್ನುವ ಸದ್ದು ನನ್ನ ಕಿವಿಯಲ್ಲೇ ಇತ್ತು. ಅತ್ತಿಗೆ ಹೇಗೇ ತೀರ್ಮಾನಿಸಿರಲಿ, ಗಾಜು ಒಡೆದವನು ನಾನು. ಅವರು ಬಂದ ಮೇಲೆ ಆ ಕಿಟಕಿಗೆ ನಾನು ಹೊಸ ಗಾಜು ಹಾಕಿಸಿಕೊಡಬೇಕು.